ವಿಂಡೋಸ್ 10 ನಿಂತಿದೆ, ಗೇಮ್ ಆಡಲು ಹೊಸ ಕಂಪ್ಯೂಟರ್ ಕೊಳ್ಳಲೇಬೇಕೇ?
‘ವಿಂಡೋಸ್ 10 ಬಂದ್, ಹಳೆ ಕಂಪ್ಯೂಟರ್‌ನಲ್ಲಿ ಇನ್ನು ಗೇಮ್ ಓಡಲ್ಲ’ ಎಂಬ ಸಂದೇಶ ನಿಮಗೂ ಬಂದಿರಬಹುದು. ನಾವು ಪರಿಶೀಲಿಸಿದಾಗ ಕಂಡದ್ದು ಅರ್ಧ ಸತ್ಯ. 2025ರ ಅಕ್ಟೋಬರ್ 14ಕ್ಕೆ ನಿಂತದ್ದು ಮೈಕ್ರೋಸಾಫ್ಟ್‌ನ ಮಾಮೂಲಿ ಸುರಕ್ಷತಾ ಅಪ್‌ಡೇಟ್. ಕಂಪ್ಯೂಟರ್ ಓಡುತ್ತದೆ, ಆದರೆ ವೈರಸ್ ಭಯ ಹೆಚ್ಚು.

ತಿಪಟೂರಿನಲ್ಲಿ ಕೊಬ್ಬರಿ ಮಾರಿದ ದುಡ್ಡು ಸುರಿಯುವ ಮುನ್ನ ಮಗ ಯಾವ ಗೇಮ್ ಆಡುತ್ತಾನೆಂದು ಕೇಳಿ. ಲಿನಕ್ಸ್ ಉಚಿತ, ಸ್ಟೀಮ್‌ನ ಪ್ರೋಟಾನ್ ಮೂಲಕ ಅನೇಕ ವಿಂಡೋಸ್ ಗೇಮ್‌ಗಳು ಅದರಲ್ಲಿ ಓಡುತ್ತವೆ. ವ್ಯಾಲರಂಟ್, ಫೋರ್ಟ್‌ನೈಟ್ ಓಡುವುದಿಲ್ಲ: ಮೋಸದಾಟ ತಡೆಯುವ ವ್ಯವಸ್ಥೆಯನ್ನು ಅವುಗಳ ಕಂಪನಿಗಳು ಲಿನಕ್ಸ್‌ಗೆ ಕೊಟ್ಟಿಲ್ಲ. ಅವು ಬೇಕಾದರೆ ವಿಂಡೋಸ್ 11 ನೋಡಿ. ಅದಕ್ಕೆ ಬೇಕಾದ ಟಿಪಿಎಂ 2.0 ನಿಮ್ಮ ಕಂಪ್ಯೂಟರ್‌ನಲ್ಲೇ ಇದ್ದು, ಬಯಾಸ್‌ನಲ್ಲಿ ಆಫ್ ಆಗಿರಬಹುದು.

ಕ್ರ್ಯಾಕ್ ವಿಂಡೋಸ್ ಮಾತ್ರ ಬೇಡ. ಮನೆಯವರ ಬ್ಯಾಂಕ್ ಪಾಸ್‌ವರ್ಡ್ ಒತ್ತುವುದೂ ಅದೇ ಕೀಬೋರ್ಡಿನಲ್ಲಿ.