ಯಾರ ಮಾನ, ಯಾವ ನಷ್ಟ?



ನಂಜನಗೂಡು, ತಿ. ನರಸೀಪುರದ ಕಡೆ ಮದುವೆಯಾದ ಹೆಣ್ಣುಮಗಳೊಬ್ಬಳು ಸತ್ತರೆ ಊರಲ್ಲಿ ಹುಟ್ಟುವ ಮಾತು ನಮಗೆಲ್ಲ ಗೊತ್ತು. ಹೊಟ್ಟೆನೋವು ತಾಳಲಾರದೆ ಹಾಗೆ ಮಾಡಿಕೊಂಡಳು, ಸ್ಟೌ ಸಿಡಿಯಿತು, ಬಟ್ಟೆ ಒಗೆಯಲು ಹೋಗಿ ಕಪಿಲೆಗೆ ಜಾರಿದಳು. ಇದಕ್ಕೆ ಯಾರೂ ಸಾಕ್ಷಿ ಕೇಳುವುದಿಲ್ಲ. ಹೆತ್ತ ತಾಯಿ "ವರದಕ್ಷಿಣೆಗಾಗಿ ಹೊಡೆಯುತ್ತಿದ್ದರು" ಎಂದು ಬಾಯಿ ಬಿಟ್ಟರೆ ಮಾತ್ರ, "ಮಾನನಷ್ಟ ಮೊಕದ್ದಮೆ ಹಾಕುತ್ತೇವೆ" ಎಂಬ ಬೆದರಿಕೆ ಬರುತ್ತದೆ.

ಸಂವಿಧಾನದ 19(1)(ಎ) ಕೊಟ್ಟ ಮಾತಿನ ಹಕ್ಕಿಗೆ 19(2) ಹಾಕಿದ ಮಿತಿಗಳಲ್ಲಿ ಮಾನಹಾನಿಯೂ ಒಂದು. ದಂಡಸಂಹಿತೆಯ 499, 500ನೇ ಕಲಮುಗಳು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಾಗಿವೆ. ಎರಡು ವರ್ಷದವರೆಗೆ ಸಜೆ ಉಳಿದಿದೆ. ಈ ಕಾನೂನನ್ನು ನಮ್ಮ ಮೇಲೆ ಹೇರಿದ ಬ್ರಿಟನ್ 2009ರ ಕಾಯ್ದೆಯಲ್ಲಿ ತನ್ನಲ್ಲಿ ಅದನ್ನು ಅಪರಾಧಗಳ ಪಟ್ಟಿಯಿಂದ ತೆಗೆಯಿತು. ಶ್ರೀಲಂಕಾ 2002ರಲ್ಲೇ ತೆಗೆದಿತ್ತು. ನಮ್ಮ ಸುಪ್ರೀಂ ಕೋರ್ಟ್ 2016ರಲ್ಲಿ ಅದನ್ನು ಎತ್ತಿಹಿಡಿಯಿತು. ಅಲ್ಲೆಲ್ಲ ಪರಿಹಾರದ ದಾವೆಗೆ ಸಾಲುವ ವಿಷಯಕ್ಕೆ ಇಲ್ಲಿ ಜೈಲಿನ ಹೆದರಿಕೆ ಏಕೆ ಬೇಕೋ ನಮಗೆ ತಿಳಿಯದು.

ಆದರೆ ಬೆದರಿಸುವವರು ಹೇಳದ ಸಂಗತಿಗಳೂ ಅದೇ ಕಾನೂನಿನಲ್ಲಿವೆ. ಪೊಲೀಸರ ಮುಂದೆ ಸದ್ಭಾವನೆಯಿಂದ ಕೊಟ್ಟ ದೂರು ಮಾನಹಾನಿಯಲ್ಲ. ಸಾರ್ವಜನಿಕ ಹಿತಕ್ಕಾಗಿ ಹೇಳಿದ ಸತ್ಯವೂ ಅಲ್ಲ. "ಕೊಟ್ಟವರೂ ತಪ್ಪಿತಸ್ಥರೇ, ಸುಮ್ಮನಿರಿ" ಎಂದು ತವರಿನವರ ಬಾಯಿ ಮುಚ್ಚಿಸುವುದುಂಟು. ನೊಂದವರು ಕೊಟ್ಟ ಹೇಳಿಕೆಯನ್ನೇ ಹಿಡಿದು ಅವರ ಮೇಲೆ ವರದಕ್ಷಿಣೆ ನಿಷೇಧ ಕಾಯ್ದೆಯಡಿ ಮೊಕದ್ದಮೆ ಹೂಡುವಂತಿಲ್ಲ ಎಂದು ಆ ಕಾಯ್ದೆಯ 7(3) ಹೇಳುತ್ತದೆ. ಪತ್ರಕರ್ತೆ ಪ್ರಿಯಾ ರಮಣಿಯವರನ್ನು 2021ರ ಫೆಬ್ರವರಿಯಲ್ಲಿ ಬಿಡುಗಡೆ ಮಾಡಿದ ದೆಹಲಿಯ ನ್ಯಾಯಾಲಯ, ಹೆಣ್ಣಿನ ಬದುಕು, ಘನತೆಗಳನ್ನು ಬಲಿಕೊಟ್ಟು ಇನ್ನೊಬ್ಬರ ಕೀರ್ತಿ ಕಾಯಲಾಗದು ಎಂದಿತು.

ಕರಪತ್ರದ ಮಾತು ಬೇರೆ. ತೀರ್ಪಿಗೆ ಮೊದಲೇ "ಕೊಲೆಗಡುಕ" ಎಂದು ಅಚ್ಚು ಹಾಕಿಸಿದರೆ ರುಜುವಾತಿನ ಹೊರೆ ನಮ್ಮದೇ. ಕೋಪ ನ್ಯಾಯವಾದದ್ದೇ ಆದರೂ "ಆರೋಪಿ" ಎಂದೇ ಬರೆಯೋಣ. ದೂರಿನ ಪ್ರತಿ, ಆಸ್ಪತ್ರೆಯ ಚೀಟಿ, ಅವಳು ತವರಿಗೆ ಬರೆದ ಕಾಗದ, ಫೋನಿನಲ್ಲಿ ಉಳಿದ ಮಾತು, ಇವನ್ನು ಜೋಪಾನ ಮಾಡಿ.

ಇನ್ನೊಂದು ಮಾತು. ಮನೆಯವರನ್ನು ನೋಯಿಸಲೆಂದೇ ಸತ್ತವರ ಹೆಸರು ಕೆಡಿಸುವುದೂ ಮಾನಹಾನಿಯಾಗಬಹುದು ಎಂದು ಅದೇ ಕಲಮಿನ ವಿವರಣೆಯಲ್ಲಿದೆ. "ಅವಳ ನಡತೆ ಸರಿಯಿರಲಿಲ್ಲ" ಎಂದು ಸಾವಿನ ಮನೆಯಲ್ಲೇ ಹಬ್ಬಿಸುವವರಿಗೆ ಇದನ್ನು ಓದಿ ಹೇಳಿ.