‘ಅಲೌಡ್’ ಮತ್ತು ‘ಪ್ರಕಾಶಂ’

ಇಂಗ್ಲಿಷಿನ ‘ಅಲೌಡ್’ ಎಂಬ ಕ್ರಿಯಾವಿಶೇಷಣ ಎದುರಾದೊಡನೆ ಕನ್ನಡ ಅನುವಾದಕರಿಗೆ ಹೊಳೆಯುವ ಮಾತು ‘ಗಟ್ಟಿಯಾಗಿ’. ಈ ರೂಢಿ ಅನೇಕ ಸಂದರ್ಭಗಳಲ್ಲಿ ಮೂಲದ ಅರ್ಥವನ್ನೇ ಕೆಡಿಸುತ್ತದೆ. ‘ಲೌಡ್‌ಲಿ’ ಎಂಬುದು ದನಿಯ ಪ್ರಮಾಣವನ್ನು ಹೇಳುವ ಪದ. ಅದಕ್ಕೆ ವಿರುದ್ಧವಾದುದು ‘ಮೆಲ್ಲನೆ’. ‘ಅಲೌಡ್’ ಹೇಳುವುದಾದರೋ ಮಾತು ಕಿವಿಗೆ ಕೇಳುವಂತಿದೆ ಎಂಬುದನ್ನಷ್ಟೇ. ಅದಕ್ಕೆ ವಿರುದ್ಧವಾದುದು ‘ಮನಸ್ಸಿನಲ್ಲಿ’. ತಾಯಿ ಮಲಗಿರುವ ಮಗುವಿಗೆ ಮೆಲುದನಿಯಲ್ಲಿ ಕಥೆ ಓದಿದರೂ ಇಂಗ್ಲಿಷಿನಲ್ಲಿ ಅದು ‘ರೀಡಿಂಗ್ ಅಲೌಡ್’. ಕನ್ನಡದಲ್ಲಿ ‘ಮೆಲ್ಲನೆ ಗಟ್ಟಿಯಾಗಿ ಓದಿದಳು’ ಎಂದರೆ ನಗೆಪಾಟಲು. ಮೇಷ್ಟರ ‘ಗಟ್ಟಿಯಾಗಿ ಓದು’ ಎಂಬ ಆಜ್ಞೆಯಲ್ಲಿ ಎರಡು ಅರ್ಥಗಳೂ ಬೆರೆತಿರುತ್ತವೆ. ಕೊನೆಯ ಸಾಲಿನ ಹುಡುಗನಿಗೂ ಕೇಳಬೇಕಷ್ಟೆ! ಗೊಂದಲದ ಬೇರು ಬಹುಶಃ ಅಲ್ಲಿಯೇ ಇದೆ.

ಈ ಭೇದ ನಮ್ಮ ಪರಂಪರೆಗೆ ಹೊಸದಲ್ಲ. ಜಪವನ್ನು ವಾಚಿಕ, ಉಪಾಂಶು, ಮಾನಸ ಎಂದು ವಿಂಗಡಿಸಿದವರು ಅದನ್ನು ಚೆನ್ನಾಗಿ ಬಲ್ಲರು. ಸಂಸ್ಕೃತ ನಾಟಕಗಳ ರಂಗಸೂಚನೆಯಂತೂ ಇನ್ನೂ ಸ್ಪಷ್ಟ: ಪಾತ್ರವು ತನ್ನೊಳಗೆ ಆಡಿಕೊಳ್ಳುವುದು ‘ಆತ್ಮಗತಂ’ ಅಥವಾ ‘ಸ್ವಗತಂ’, ಇತರರಿಗೆ ಕೇಳುವಂತೆ ಆಡುವುದು ‘ಪ್ರಕಾಶಂ’. ಮೊನಿಯರ್ ವಿಲಿಯಮ್ಸ್ ತಮ್ಮ ಸಂಸ್ಕೃತ-ಇಂಗ್ಲಿಷ್ ನಿಘಂಟಿನಲ್ಲಿ ‘ಪ್ರಕಾಶಂ’ ಎಂಬುದಕ್ಕೆ ಕೊಟ್ಟಿರುವ ಅರ್ಥಗಳಲ್ಲಿ ‘ಅಲೌಡ್’ ಒಂದು. ಶಾಕುಂತಲದ ಮೊದಲ ಅಂಕದಲ್ಲಿ ದುಷ್ಯಂತನು ತಾನು ಯಾರೆಂದು ತಿಳಿಸಲೋ ಮರೆಮಾಚಲೋ ಎಂದು ಮನಸ್ಸಿನಲ್ಲಿ ತೂಗಿ, ಬಳಿಕ ‘ಪ್ರಕಾಶಂ’, ಪೌರವರಾಜನಿಂದ ಧರ್ಮಾಧಿಕಾರದಲ್ಲಿ ನಿಯುಕ್ತನಾದವನು ತಾನೆಂದು ವಿನಯದಿಂದ ಹೇಳುತ್ತಾನೆ. ಇಂಗ್ಲಿಷ್ ಅನುವಾದವನ್ನು ಮುಂದಿಟ್ಟುಕೊಂಡು ಇಲ್ಲಿ ‘ಗಟ್ಟಿಯಾಗಿ’ ಎಂದು ಬರೆದರೆ, ಅರಸನು ಆಶ್ರಮಕನ್ಯೆಯರ ಮುಂದೆ ಅರಚಿದಂತಾಗುತ್ತದೆ. ಗುಟ್ಟನ್ನು ಕಾಯಲು ಹೊರಟವನ ನಯವೆಲ್ಲ ಒಂದು ಪದದಲ್ಲಿ ಮಣ್ಣುಪಾಲು.

ಹಾಗೆಂದು ‘ಗಟ್ಟಿಯಾಗಿ’ ಎಲ್ಲೆಡೆಯೂ ತಪ್ಪಲ್ಲ. ‘ಅಲೌಡ್’ ಪದಕ್ಕೆ ಹಳೆಯ ಇಂಗ್ಲಿಷ್ ಬರಹಗಳಲ್ಲಿ ‘ಏರುದನಿಯಲ್ಲಿ’ ಎಂಬ ಅರ್ಥವೇ ಇತ್ತು; 1611ರ ಬೈಬಲ್ ಅನುವಾದದಲ್ಲಿ ಎಲೀಯನು ಬಾಳನ ಪೂಜಾರಿಗಳನ್ನು ಹಂಗಿಸುವಾಗ ಆ ಪದ ಬಂದಿರುವುದು ಇದೇ ಅರ್ಥದಲ್ಲಿ. ಅಳು, ಕೂಗುಗಳೊಡನೆ ಅದರ ನೆರಳು ಇಂದಿಗೂ ಉಳಿದಿದೆ. ಆದರೆ ‘ಥಿಂಕಿಂಗ್ ಅಲೌಡ್’ ಎಂಬುದನ್ನು ‘ಗಟ್ಟಿಯಾಗಿ ಯೋಚಿಸುವುದು’ ಎನ್ನುವುದನ್ನು ಮಾತ್ರ ಒಪ್ಪಲಾಗದು. ಮನಸ್ಸಿನಲ್ಲಿದ್ದುದನ್ನು ‘ಬಾಯಿಬಿಟ್ಟು ಹೇಳು’ ಎಂದು ಕನ್ನಡಿಗರು ದಿನವೂ ಆಡುತ್ತಿರುವಾಗ, ಅನುವಾದಕರು ಬೇರೆ ಮಾತಿಗೆ ತಡಕಾಡುವುದೇಕೆ?