ಹೊಲದ ಬಂದೂಕು ಮನೆಯ ಜಗಳಕ್ಕಲ್ಲ



ಚುನಾವಣೆ ಬಂದಾಗ ಏನಾಗುತ್ತದೆಂಬುದು ತಮಗೆ ಗೊತ್ತಿದೆ. ಠಾಣೆಯಿಂದ ಸೂಚನೆ ಬರುತ್ತದೆ. ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಬಂದೂಕನ್ನು ಬಟ್ಟೆಯಲ್ಲಿ ಸುತ್ತಿ ಒಯ್ದು, ಠಾಣೆಗೆ ಒಪ್ಪಿಸಿ, ರಸೀದಿ ಪಡೆದು ಬರುತ್ತೀರಿ. ಮತ ಎಣಿಕೆ ಮುಗಿದ ಮೇಲೆ ಮರಳಿ ತರುತ್ತೀರಿ. ಇದರಿಂದ ಯಾರ ಮಾನವೂ ಹೋಗುವುದಿಲ್ಲ.

ಆದರೆ ಬದುವಿನ ಜಗಳ ತಹಶೀಲ್ದಾರರ ಮುಂದೆ ಹೋದಾಗ, ಅಥವಾ ಹೊಡೆತ ತಾಳಲಾರದೆ ಮನೆಯ ಹೆಣ್ಣುಮಗಳು ಕೋರ್ಟಿನಿಂದ ರಕ್ಷಣಾದೇಶ ತಂದಾಗ, ಅದೇ ಬಂದೂಕಿನ ನೆನಪು ಯಾರಿಗೂ ಆಗುವುದಿಲ್ಲ. ಅಪಾಯ ಹೆಚ್ಚಿರುವುದು ಚುನಾವಣೆಯ ದಿನವೋ, ಈ ದಿನವೋ? ತಾವೇ ಯೋಚಿಸಿರಿ.

ಕುಷ್ಟಗಿ ತಾಲ್ಲೂಕಿನ ಒಂದು ಹಳ್ಳಿಗೆ ದಾಳಿಂಬೆಯ ದುಂಡಾಣು ಅಂಗಮಾರಿ ರೋಗ ನೋಡಲು ಹೋಗಿದ್ದೆ. ತೋಟದ ಯಜಮಾನರಿಗೂ ಅವರ ದಾಯಾದಿಗೂ ಬದುವಿನ ಮೇಲಿನ ಬೇವಿನ ಮರದ ಬಗ್ಗೆ ಕೈ ಕೈ ಮಿಲಾಯಿಸಿ, ಇಬ್ಬರಿಂದಲೂ ಒಂದು ವರ್ಷದ ಮುಚ್ಚಳಿಕೆ ಬರೆಸಿಕೊಂಡಿದ್ದರು. ಪಡಸಾಲೆಯ ಗೂಟಕ್ಕೆ ಬಂದೂಕು ತೂಗಿತ್ತು. “ಇದನ್ನ ಠಾಣೆಗೆ ಕೊಟ್ಟಿಲ್ಲೇನು?” ಎಂದು ಕೇಳಿದೆ. “ಈಗ ಎಲೆಕ್ಷನ್ ಇಲ್ಲಲ್ರೀ ಸಾಹೇಬ್ರ” ಎಂದರು. ಅವರಿಗೆ ಯಾರೂ ಹೇಳಿರಲಿಲ್ಲ. ಅದಕ್ಕಾಗಿಯೇ ಈ ಲೇಖನ.

ಕಾನೂನು ಏನು ಹೇಳುತ್ತದೆ? 1959ರ ಶಸ್ತ್ರಾಸ್ತ್ರ ಕಾಯ್ದೆಯ 9ನೇ ಕಲಮಿನ ಪ್ರಕಾರ, ಶಾಂತಿ ಕಾಪಾಡಲು ಅಥವಾ ಸದ್ವರ್ತನೆಯಿಂದಿರಲು ಮುಚ್ಚಳಿಕೆ ಬರೆದುಕೊಡಬೇಕೆಂದು ಆದೇಶವಾದ ವ್ಯಕ್ತಿ, ಆ ಮುಚ್ಚಳಿಕೆಯ ಅವಧಿ ಮುಗಿಯುವವರೆಗೆ ಬಂದೂಕನ್ನು ಕೊಳ್ಳುವಂತಿಲ್ಲ, ಇಟ್ಟುಕೊಳ್ಳುವಂತಿಲ್ಲ, ಹೊತ್ತು ತಿರುಗುವಂತಿಲ್ಲ. ಪರವಾನಗಿ ಕೈಯಲ್ಲಿದ್ದರೂ ಅಷ್ಟೇ. ನಮ್ಮ ಜನ “ನೂರಾ ಏಳು ಕೇಸು” ಎನ್ನುತ್ತಾರಲ್ಲ, ಅದೇ ಇದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 126ನೇ ಕಲಮಾಗಿದೆ. ಬರೀ ನೋಟೀಸು ಬಂದರೆ ಈ ನಿರ್ಬಂಧ ಬೀಳುವುದಿಲ್ಲ. ಮುಚ್ಚಳಿಕೆಯ ಆದೇಶವಾದರೆ ಬೀಳುತ್ತದೆ. ಆಗ 21ನೇ ಕಲಮಿನಂತೆ ಬಂದೂಕನ್ನು ವಿಳಂಬ ಮಾಡದೆ ಹತ್ತಿರದ ಠಾಣೆಯಲ್ಲಾಗಲಿ, ಪರವಾನಗಿ ಪಡೆದ ಬಂದೂಕು ವ್ಯಾಪಾರಿಯ ಬಳಿಯಾಗಲಿ ಜಮೆ ಮಾಡಬೇಕು. ಇಟ್ಟುಕೊಂಡರೆ ಅದು ಜೈಲು ಶಿಕ್ಷೆಯ ಅಪರಾಧ.

ಮನೆಯೊಳಗಿನ ಹಿಂಸೆಯ ವಿಷಯ ಸ್ವಲ್ಪ ಬೇರೆ. 2005ರ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣಾ ಕಾಯ್ದೆಯಡಿ ರಕ್ಷಣಾದೇಶವಾದ ಮಾತ್ರಕ್ಕೆ ಬಂದೂಕಿನ ಹಕ್ಕು ತಾನಾಗಿಯೇ ಹೋಗುವುದಿಲ್ಲ. ಇದು ಕಾನೂನಿನ ಕೊರತೆಯೆಂದೇ ನನ್ನ ಅಭಿಪ್ರಾಯ. ಆದರೂ ದಾರಿ ಇದೆ. ಹಿಂಸೆಗೆ ಬಳಸಿದ ಆಯುಧವನ್ನು ಪೊಲೀಸರ ನೆರವಿನಿಂದ ವಶಪಡಿಸಿಕೊಳ್ಳಲು ಮ್ಯಾಜಿಸ್ಟ್ರೇಟರು ರಕ್ಷಣಾಧಿಕಾರಿಗೆ ಲಿಖಿತ ಆದೇಶ ಕೊಡಬಹುದೆಂದು 2006ರ ನಿಯಮಗಳಲ್ಲಿದೆ. ಸಾರ್ವಜನಿಕ ಸುರಕ್ಷತೆಗೆ ಅಗತ್ಯವೆಂದು ಕಂಡರೆ ಪರವಾನಗಿಯನ್ನು ಅಮಾನತಿನಲ್ಲಿಡುವ ಅಧಿಕಾರ ಪರವಾನಗಿ ಕೊಟ್ಟ ಅಧಿಕಾರಿಗಿದೆ. ರಕ್ಷಣಾದೇಶ ಮೀರಿದವರಿಗೆ ಒಂದು ವರ್ಷದವರೆಗೆ ಜೈಲು, 20,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ ಆಗಬಹುದು. ಆದುದರಿಂದ ಅರ್ಜಿ ಬರೆಸುವ ತಾಯಂದಿರು “ಮನೆಯಲ್ಲಿ ಬಂದೂಕು ಇದೆ, ಅದನ್ನು ತೋರಿಸಿ ಹೆದರಿಸುತ್ತಾರೆ” ಎಂಬ ಮಾತನ್ನು ತಪ್ಪದೆ ಬರೆಸಬೇಕು. ಬರೆಯದೆ ಬಿಟ್ಟರೆ ಮ್ಯಾಜಿಸ್ಟ್ರೇಟರಿಗೆ ತಿಳಿಯುವುದಾದರೂ ಹೇಗೆ? ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯವರೇ ರಕ್ಷಣಾಧಿಕಾರಿ. ತುರ್ತಿದ್ದರೆ 112 ಅಥವಾ ಮಹಿಳಾ ಸಹಾಯವಾಣಿ 181ಕ್ಕೆ ಫೋನು ಮಾಡಬಹುದು.

ತಾವು ಕೇಳಬಹುದು: “ಬಂದೂಕು ಠಾಣೆಯಲ್ಲಿಟ್ಟರೆ ಹಂದಿ ಕಾಯುವವರು ಯಾರು?” ಮೆಕ್ಕೆಜೋಳ, ಶೇಂಗಾ ಬೆಳೆಯುವವರ ಈ ಚಿಂತೆ ಸುಳ್ಳಲ್ಲ. ಆದರೆ ಆ ಬಂದೂಕು ಇರುವುದು ಮುಖ್ಯವಾಗಿ ಸದ್ದು ಮಾಡಿ ಓಡಿಸುವುದಕ್ಕೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಚಿಗರಿ, ಕರಡಿಗಳಿಗೆ ಗುಂಡು ಹಾರಿಸುವಂತಿಲ್ಲ. ಅನುಮತಿಯಿಲ್ಲದೆ ಹಂದಿಯನ್ನೂ ಕೊಲ್ಲುವಂತಿಲ್ಲ. ಆ ಒಂದು ವರ್ಷ ಬೇರೆ ಉಪಾಯ ಮಾಡಿರಿ. ಹಿಂಗಾರಿಯಲ್ಲಿ ಜೋಳ, ಕಡಲೆಯ ಸುತ್ತ ಕುಸುಬೆಯ ಅಕ್ಕಡಿ ಹಾಕುವುದು ನಮ್ಮ ಹಿರಿಯರ ಪದ್ಧತಿ. ಮುಳ್ಳಿರುವುದರಿಂದ ದನ, ಹಂದಿ ನುಗ್ಗಲು ಹಿಂಜರಿಯುತ್ತವೆ. ಅಕ್ಕಪಕ್ಕದ ನಾಲ್ಕು ಹೊಲದವರು ಕೂಡಿ ಸೌರ ಬೇಲಿ ಹಾಕಿಸಬಹುದು. ಸರದಿಯ ಮೇಲೆ ಮಂಚಿಕೆ ಕಾಯಬಹುದು. ಕಂಬದ ಕರೆಂಟನ್ನು ಮಾತ್ರ ಬೇಲಿಗೆ ಹರಿಸಬೇಡಿರಿ. ಅದು ಹಂದಿಗಿಂತ ಮೊದಲು ಮನುಷ್ಯನನ್ನು ಕೊಲ್ಲುತ್ತದೆ. ಬೆಳೆ ಹಾನಿಯಾದರೆ ಅರಣ್ಯ ಇಲಾಖೆಯ ವಲಯ ಕಚೇರಿಗೆ ಪರಿಹಾರದ ಅರ್ಜಿ ಕೊಡಿರಿ. ಹೋದ ಬೆಳೆ ಮುಂದಿನ ಹಂಗಾಮಿಗೆ ಬರುತ್ತದೆ. ಹೋದ ಜೀವ ಬರುವುದಿಲ್ಲ.

“ಸುಳ್ಳು ದೂರು ಕೊಟ್ಟಿದ್ದರೆ?” ಎಂದೂ ಕೆಲವರು ಕೇಳುತ್ತಾರೆ. ಜಮೆ ಮಾಡುವುದೆಂದರೆ ತಪ್ಪು ಒಪ್ಪಿಕೊಂಡಂತಲ್ಲ. ನಿರ್ಬಂಧ ತೀರಿ ಪರವಾನಗಿ ಊರ್ಜಿತವಿದ್ದರೆ ಬಂದೂಕನ್ನು ಮರಳಿ ಪಡೆಯುವ ಹಕ್ಕು ಅದೇ 21ನೇ ಕಲಮಿನಲ್ಲಿದೆ. ರಸೀದಿಯನ್ನು ಪಹಣಿಯಷ್ಟೇ ಜೋಪಾನವಾಗಿಡಿರಿ.

ಇನ್ನು ಅಧಿಕಾರಿಗಳಿಗೆ ಒಂದು ಮಾತು. ಯಾರ ಮನೆಯಲ್ಲಿ ಬಂದೂಕಿದೆ ಎಂಬ ಪಟ್ಟಿ ಠಾಣೆಯಲ್ಲಿದೆ; ಚುನಾವಣೆಗೆ ಅದನ್ನು ತೆಗೆದು ನೋಡುತ್ತೀರಿ. ಮುಚ್ಚಳಿಕೆಯ ಆದೇಶವೋ ರಕ್ಷಣಾದೇಶವೋ ಠಾಣೆಗೆ ಬಂದ ದಿನವೂ ಅದನ್ನೇ ತೆಗೆದು ನೋಡಿರಿ. ಹೆಸರಿದ್ದರೆ ಅದೇ ದಿನ ಪೇದೆಯನ್ನು ಕಳಿಸಿರಿ. ಮುಚ್ಚಳಿಕೆ ಬರೆಸುವಾಗ “ಬಂದೂಕು ಇದೆಯೇ?” ಎಂದು ತಹಶೀಲ್ದಾರರು ಒಂದು ಪ್ರಶ್ನೆ ಕೇಳಿದರೆ ಅರ್ಧ ಕೆಲಸ ಮುಗಿಯಿತು. ಅಮೆರಿಕದಲ್ಲಿ ಕೌಟುಂಬಿಕ ಹಿಂಸೆಯ ತಡೆಯಾಜ್ಞೆ ಇದ್ದವರು ಬಂದೂಕು ಇಟ್ಟುಕೊಳ್ಳಬಾರದೆಂಬ ಕಾನೂನು 1994ರಲ್ಲೇ ಬಂತು. 2024ರ ಜೂನಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಅದನ್ನು ಎತ್ತಿ ಹಿಡಿಯಿತು. ಆದರೆ ಅಲ್ಲಿಯೂ ದೊಡ್ಡ ದೂರು ಇದೇ: ಆದೇಶವಾಗುತ್ತದೆ, ಮನೆಗೆ ಹೋಗಿ ಬಂದೂಕು ತರುವವರಿಲ್ಲ. ಕಾಗದದ ಮೇಲಿನ ಆದೇಶ ಗುಂಡನ್ನು ತಡೆಯಲಾರದು.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಹಿರಿಯರಲ್ಲಿ ನನ್ನ ವಿನಂತಿ ಇಷ್ಟೇ. ಜಗಳ ಬಿಡಿಸಲು ಕಟ್ಟೆಯ ಮೇಲೆ ಕೂತಾಗ, ಯಾರದು ತಪ್ಪು ಎಂದು ವಿಚಾರಿಸುವ ಮೊದಲು ಬಂದೂಕು ಎಲ್ಲಿದೆ ಎಂದು ವಿಚಾರಿಸಿರಿ. ಪೊಲೀಸರು ಬರಲೆಂದು ಕಾಯದೆ ತಾವೇ ಜೊತೆಗೆ ಹೋಗಿ ಜಮೆ ಮಾಡಿಸಿರಿ. ಬೀಜಕ್ಕೆ ಹುಳ ಬೀಳುವ ಮೊದಲೇ ಔಷಧಿ ಹಚ್ಚುವವರು ನಾವು. ಮನೆಯ ವಿಷಯದಲ್ಲಿ ಹುಳ ಬೀಳಲೆಂದು ಕಾಯುವುದೇಕೆ?